ಅತ್ತೆಯ ಮಣ್ಣು ಇಳಿಸಿದ ಜಿಜಾಬಾಯಿ

ಡಾಬಕಾ ಊರಿನ ಜಿಜಾಬಾಯಿಯ ಮನೆ ಬಾಗಿಲು ಮುಚ್ಚಿದರೆ ತೆರೆಯದು, ತೆರೆದರೆ ಮುಚ್ಚದು. ಆ ವರ್ಷ ಬಾವಿಗಳು ಬತ್ತಿ ಅರ್ಧ ಊರು ದುಡಿಯಲು ಹೈದರಾಬಾದಿಗೆ ಹೋಗಿತ್ತು, ಅವಳ ಗಂಡ ಪಂಢರಿಯೂ ಹೋಗಿದ್ದ. ಊರು ಎಷ್ಟು ಸುಮ್ಮನಿತ್ತೆಂದರೆ, ಮಧ್ಯಾಹ್ನ ಅಡ್ಡಾದರೆ ಮಣ್ಣು ಹೊದಿಸಿದ ಮಾಳಿಗೆಯ ಜಂತಿ ಕಿರ್ ಎನ್ನುವುದು ಕೇಳಿಸುತ್ತಿತ್ತು. ತೀರಿಹೋದ ಅತ್ತೆ ಶೇವಂತಾಬಾಯಿ ಮೇಲೆ ಓಡಾಡುತ್ತಿದ್ದಾಳೆ ಎಂದೇ ಅರೆನಿದ್ದೆಯಲ್ಲಿ ಜಿಜಾಬಾಯಿಗೆ ಅನಿಸುತ್ತಿತ್ತು. ಹೆದರಿಕೆಯಲ್ಲ, ಹಿತವಾಗುತ್ತಿತ್ತು.

ಆ ಮಾಳಿಗೆಯ ಮಣ್ಣೆಲ್ಲ ಅತ್ತೆಯ ಕೈಯದು. ಸೋರಬಾರದೆಂದು ಪ್ರತಿ ವರ್ಷ ಮುಂಗಾರಿನ ಮೊದಲ ಮಿರಗದ ಮಳೆಗೆ ಮುಂಚೆ ಹಳೆಯದರ ಮೇಲೆ ಹೊಸ ಮಣ್ಣು ಹಾಕುವುದು ನಮ್ಮ ಕಡೆಯ ರೂಢಿ. ಹಾಕುವುದು ಗೊತ್ತು, ತೆಗೆಯುವುದು ಮಾತ್ರ ಯಾರಿಗೂ ಗೊತ್ತಿಲ್ಲ ನೋಡಿ! ಈ ಸಲವೂ ಜಿಜಾಬಾಯಿ ಅಂಗಳದಲ್ಲಿ ಹತ್ತು ಬುಟ್ಟಿ ಮಣ್ಣು ಒಟ್ಟಿದ್ದಳು.

ಬಾಗಿಲು ನೋಡಲು ಜನವಾಡದಿಂದ ಮನೆ ಕಟ್ಟುವ ಗೌಂಡಿ ಬದ್ರೋದ್ದೀನ ಬಂದ. ಬಾಗಿಲು ಬಿಟ್ಟು ಏಣಿ ಹತ್ತಿದ, ಮಾಳಿಗೆಗೆ ಸಲಾಕೆ ಇಳಿಸಿ ಅಳೆದ.

“ಒಂದೂವರಿ ಮೊಳ ಮಣ್ಣು ಅದರಿ ಅಕ್ಕಾ! ಭಾರಕ್ಕ ಬಾಗಿಲ ಚೌಕಟ್ಟು ಕುಂತದ.”

“ಇರಲಿ ಬಿಡ್ರಿ, ಬ್ಯಾಸಗಿಗಿ ತಂಪು.”

“ಭೂಮಿ ನಡುಗಿದ್ರ?”

ಜಿಜಾಬಾಯಿ ನಕ್ಕಳು. “ಹನಿ ಮಳಿನೇ ಬರವಲ್ದು, ಭೂಕಂಪ ಎಲ್ಲಿಂದ ಬರ್ತದ್ರಿ?”

ಬದ್ರೋದ್ದೀನ ನಗಲಿಲ್ಲ. “ಕಿಲ್ಲಾರಿ ಏನ್ ದೂರ ಅದರಿ? ಅಲ್ಲಿ ಭೂಕಂಪ ಆದಾಗ ಬಿದ್ದ ಮನಿ ಕಲ್ಲು ಎತ್ತಲಿಕ್ಕಿ ನಾ ಹೋಗಿದ್ದೆ. ನಸುಕಿನ್ಯಾಗ ಮಂದಿ ಮಲಗಿದ್ರು. ಭೂಮಿ ಕೊಂದಿದ್ದಲ್ಲ ಅಕ್ಕಾ, ಇಂಥ ಗೋಡಿ, ಇಂಥ ಮಾಳಗಿ ಕೊಂದ್ವು.”

ಕೆಳಗಿಳಿದು ಅಂಗಳದಲ್ಲಿ ಊಟಕ್ಕೆ ಕೂತವನು ಕಟಕ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದ. “ನಮ್ಮ ದೇಶದ ನೆಲ ಒಂದು ದೊಡ್ಡ ಹಾಸುಗಲ್ಲು ಇದ್ದಂಗ. ವರ್ಷಕ್ಕ ಎರಡ್ಮೂರು ಬೆರಳಿನಷ್ಟು ಉತ್ತರಕ್ಕ ಸರದು ಹಿಮಾಲಯದ ಕಡಿ ಒತ್ತತದ. ಅಂಚು ಒತ್ತಿದ್ರ ನೋಡ್ರಿ…” ರೊಟ್ಟಿ ನಡುವೆ ಟಕ್ಕೆಂದು ಮುರಿಯಿತು. “ನಮ್ಮ ಎರಿ ಹೊಲದ ಕೆಳಗೂ ಹಳಿ ಬಿರುಕು ಇರ್ತಾವ. ಯಾವಾಗ ಜರಗತಾವ, ಯಾರಿಗೂ ಗೊತ್ತಿಲ್ಲ.”

“ಹಾಂಗಂತ ಅತ್ತಿ ಹಾಕಿದ ಮಣ್ಣು ಹ್ಯಾಂಗ ತೆಗೀಲ್ರಿ?” ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ಒಳಗಿಂದ ಮಗಳು ಕೌಸಲ್ಯಾ ಕೂಗಿದಳು. “ಅವ್ವಾ, ಬಾಗಿಲು ತೆಗಿಲಿಕ್ಕಿ ಬರವಲ್ದು!”

ಬದ್ರೋದ್ದೀನ ಮೂರು ಸಲ ಹೆಗಲು ಕೊಟ್ಟು ದಬ್ಬಿದ ಮೇಲೆ ಬಾಗಿಲು ತೆರೆಯಿತು. ಅಯ್ಯೋ ದೇವರೇ, ನೆಲ ನಡುಗಿದ್ದರೆ ಮೂರು ಸಲ ದಬ್ಬಲು ಪುರಸೊತ್ತು ಎಲ್ಲಿತ್ತು? ಜಿಜಾಬಾಯಿ ಮಗಳನ್ನು ಅಪ್ಪಿಕೊಂಡೇ ಪಂಢರಿಗೆ ಫೋನು ಹಚ್ಚಿದಳು. ಎಲ್ಲ ಕೇಳಿ ಅವನು, “ಇವತ್ತೇ ತೆಗಸು” ಎಂದ.

ಮನೆಯೊಳಗೆ ಯಾರೂ ಇರದಂತೆ ನೋಡಿಕೊಂಡು, ಎರಡೂ ಕಡೆಯಿಂದ ಸಮನಾಗಿ, ಪದರ ಪದರ ಮಣ್ಣು ಇಳಿಸಿದರು. ಕೌಸಲ್ಯಾ ಹುಟ್ಟಿದ ವರ್ಷದ ಹೊಟ್ಟು ಕಲಸಿದ ಮಣ್ಣು ಬಂತು, ಅದರ ಕೆಳಗೆ ಜಿಜಾಬಾಯಿಯ ಮದುವೆಯ ವರ್ಷದ ಬಿಳಿ ಮಣ್ಣು ಬಂತು. ಒಂದು ಪದರದಲ್ಲಿ ಅತ್ತೆಯ ಹಸಿರು ಬಳೆಯ ಚೂರು ಸಿಕ್ಕಿತು, ಅದನ್ನು ಸೆರಗಿಗೆ ಕಟ್ಟಿಕೊಂಡಳು. ಕೊನೆಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಗೇಣಿಗಿಂತ ಕಡಿಮೆ ಮಣ್ಣು ಹರಡಿದರು. ಬಾಗಿಲನ್ನೂ ಕೆತ್ತಿ ಕೂರಿಸಿದ ಮೇಲೆ ಅದು ಒಂದೇ ಬೆರಳಿಗೆ ತೆರೆಯಿತು.

ಮರುದಿನ ಮಧ್ಯಾಹ್ನ ಜಿಜಾಬಾಯಿ ಅಡ್ಡಾದಳು. ಜಂತಿ ಕಿರ್ ಎನ್ನಲಿಲ್ಲ. ಇಷ್ಟು ದಿನ ಓಡಾಡಿದ್ದು ಅತ್ತೆಯಲ್ಲ, ಭಾರಕ್ಕೆ ನರಳಿದ್ದು ಮನೆ ಎಂದು ಅವಳಿಗೆ ಆಗ ತಿಳಿಯಿತು. ಸೆರಗಿನ ಬಳೆಚೂರು ಮುಟ್ಟಿಕೊಂಡು, ಮಗಳ ಪಕ್ಕ ನಿದ್ದೆ ಹೋದಳು.

ಔರಾದ, ಭಾಲ್ಕಿ, ಬೀದರಿನ ಅಕ್ಕ-ಅಣ್ಣಂದಿರೇ, ನಿಮ್ಮ ಮಾಳಿಗೆಯ ಮೇಲೆ ಎಷ್ಟು ವರ್ಷದ ಮಣ್ಣಿದೆ? ಗೌಂಡಿಯನ್ನು ಕರೆಸಿ, ಇದೇ ವಾರ ಅಳೆಸಿ. ಕೆಳಗೆ ಮಲಗುವುದು ನಿಮ್ಮ ಮಕ್ಕಳು.