ಮುರಿದ ಕೊಂಡಿಗಳ ಎಣಿಕೆ

ಮೂರು ಗಂಟೆಗೆ ಸಮಿತಿ ಸೇರುವುದಿತ್ತು. ನಮ್ಮ ಕ್ವಾಂಟಮ್ ಯಂತ್ರವನ್ನು ಉಳಿಸಿಕೊಳ್ಳಬೇಕೋ ಮುಚ್ಚಬೇಕೋ ಎಂಬುದು ಅಲ್ಲಿಯೇ ತೀರ್ಮಾನವಾಗಬೇಕು. ನನ್ನ ಬಳಿ ತೋರಿಸಲು ಏನೂ ಇರಲಿಲ್ಲ.

ಆಳೆತ್ತರದ ಶೈತ್ಯಯಂತ್ರದೊಳಗೆ ಉಗುರಿನಷ್ಟಗಲದ ಚಿಪ್. ಅದರಲ್ಲಿ ಎರಡು ಸಾವಿರ ಕ್ವಾಂಟಮ್ ಬಿಟ್‌ಗಳು, ಸರಪಳಿಯಂತೆ ಸಾಲಾಗಿ, ಪುಟ್ಟ ಅಯಸ್ಕಾಂತಗಳ ಹಾಗೆ. ಮೊದಲಿಗೆ ಅವು ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ. ನಾವು ಹಿಡಿತ ಸಡಿಲಿಸಿದಂತೆ ಎಲ್ಲವೂ ಒಂದೇ ದಿಕ್ಕಿಗೆ ತಿರುಗಬೇಕು. ಒಂದು ಮೇಲೆ, ಪಕ್ಕದ್ದು ಕೆಳಗೆ ನೋಡಿದರೆ ಅಲ್ಲಿ ಕೊಂಡಿ ಮುರಿದಂತೆ, ಉತ್ತರ ತಪ್ಪು. ಎಂಟು ತಿಂಗಳಿಂದ ನಾನು ಬೇರೆ ಬೇರೆ ವೇಗದಲ್ಲಿ ಅದನ್ನು ಓಡಿಸಿ, ತಪ್ಪು ಉತ್ತರಗಳನ್ನು ಅಳಿಸುತ್ತ, ಸರಿಯಾದ ಒಂದಕ್ಕಾಗಿ ಕಾದಿದ್ದೆ.

ಶೈತ್ಯಯಂತ್ರ ನೋಡಿಕೊಳ್ಳುವ ಹಿರಿಯ ತಂತ್ರಜ್ಞರನ್ನು ನಾವೆಲ್ಲ ಮಾವ ಎನ್ನುತ್ತೇವೆ. ಅವರು ಬಾಗಿಲಲ್ಲಿ ಇಣುಕಿದರು.

"ಏನಮ್ಮಾ, ಆ ಚಿಪ್‌ಗಿಂತ ನೀನೇ ತಣ್ಣಗಾಗಿದ್ದೀಯಲ್ಲ!"

"ಎಲ್ಲಾ ಮುರಿದದ್ದೇ ಮಾವ."

"ಎಷ್ಟು ಮುರಿದಿದೆ?"

ನಾನು ಎಣಿಸಿಯೇ ಇರಲಿಲ್ಲ. ಅಯಸ್ಕಾಂತಗಳ ಬಗ್ಗೆಯೇ ಪ್ರಬಂಧ ಬರೆದವಳು ನಾನು! ವಸ್ತು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಆತುರಪಟ್ಟಿತೆಂದು ಅದರ ಬಿರುಕುಗಳೇ, ಅಂದರೆ ಮುರಿದ ಕೊಂಡಿಗಳೇ, ಹೇಳುತ್ತವೆ. ಇಂಥ ಸರಪಳಿಯಲ್ಲಿ, ಹಿಡಿತ ಸಡಿಲಿಸುವುದನ್ನು ನಾಲ್ಕು ಪಟ್ಟು ನಿಧಾನ ಮಾಡಿದರೆ ಬಿರುಕು ಅರ್ಧವಾಗಬೇಕು.

"ಎಲ್ಲಾ ಅಳಿಸಿಬಿಟ್ಟೆನಲ್ಲ ಮಾವ..."

"ನೀನು ಅಳಿಸಿದೆ, ನಾನು ಅಳಿಸಿಲ್ಲ. ನಿನ್ನ ಸಿಟ್ಟು ನನಗೆ ಗೊತ್ತಿಲ್ವಾ? ಪ್ರತಿ ಶುಕ್ರವಾರ ನಕಲು ತೆಗೆದಿಟ್ಟಿದ್ದೀನಿ."

ಎಣಿಸಿದೆ. ಐದು ನ್ಯಾನೋಸೆಕೆಂಡಿನಲ್ಲಿ ಹಿಡಿತ ಸಡಿಲಿಸಿದ ಓಟಗಳಲ್ಲಿ ಸರಾಸರಿ ನೂರ ಅರವತ್ತೊಂದು ಕೊಂಡಿ ಮುರಿದಿದ್ದವು. ಇಪ್ಪತ್ತರಲ್ಲಿ ಎಂಬತ್ತು. ಎಂಬತ್ತರಲ್ಲಿ ನಲವತ್ತೊಂದು. ನಂಬಿಕೆ ಸಾಲದೆ ಮೂರು ಸಲ ಎಣಿಸಿದೆ. ಕಸವೆಂದು ನಾನು ಎಸೆದದ್ದರಲ್ಲೆಲ್ಲ ಆ ನಿಯಮ ಇತ್ತು; ಯಂತ್ರ ಕೆಟ್ಟಿರಲಿಲ್ಲ, ಪ್ರಕೃತಿಯ ನಿಯಮದಂತೆಯೇ ನಡೆಯುತ್ತಿತ್ತು.

ಮೂರು ಗಂಟೆಗೆ ಸಮಿತಿ ಪ್ರಯೋಗಾಲಯಕ್ಕೇ ಬಂತು. ಅಧ್ಯಕ್ಷೆ ಅಂಕಿಗಳನ್ನು ನೋಡಿ ಕನ್ನಡಕ ಏರಿಸಿದರು. "ಇದು ಬೇಕಾದ ಹಾಗೆ ಆರಿಸಿಕೊಂಡದ್ದಲ್ಲ ಅಂತ ಏನು ಗ್ಯಾರಂಟಿ? ಇನ್ನೂ ನಾಲ್ಕು ಪಟ್ಟು ನಿಧಾನ ಮಾಡಿದ್ರೆ ಎಷ್ಟು ಬರಬೇಕು?"

"ಇಪ್ಪತ್ತು," ಎಂದೆ.

"ಓಡಿಸಿ. ಇಲ್ಲೇ ಕೂತಿರ್ತೀವಿ."

ಸಾವಿರ ಓಟ. ಪಂಪು ಗುಯ್‌ಗುಡುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಮಾವನೇ ಓದಿದರು.

"ಇಪ್ಪತ್ತು ಪಾಯಿಂಟ್ ಮೂರು."

ಅಧ್ಯಕ್ಷೆ ಎದ್ದು ಹೋಗಿ, ಆ ತಣ್ಣನೆಯ ಲೋಹದ ಗೋಡೆಯ ಮೇಲೆ ಮಗುವಿನ ಹಣೆ ಮುಟ್ಟುವಂತೆ ಅಂಗೈ ಇಟ್ಟು ನಿಂತರು.

"ಇದನ್ನ ಮುಚ್ಚೋದು ಬೇಡ," ಎಂದರು.