ಇಪ್ಪತ್ತನಾಲ್ಕನೆಯ ಗುಂಡಿ

ನಡುಮನೆಯ ನೆಲದ ಮೇಲೆ ಆ ಹಳೆಯ ಬೆಡ್‌ಶೀಟ್ ಬಿತ್ತೆಂದರೆ ಲೆಕ್ಕದ ಟೀಚರ ಮನೆಯಲ್ಲಿ ಯಾರೂ ನೆಟ್ಟಗೆ ನಡೆಯುವಂತಿಲ್ಲ. ಗೋಡೆಗೆ ಅಂಟಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ದಾಟಬೇಕು. ಇಪ್ಪತ್ತೆರಡು ವರ್ಷದಿಂದ ಪ್ರತಿ ದೊಡ್ಡ ರಜೆಯಲ್ಲೂ ಇದೇ ಪಾಡು. ಬೆಡ್‌ಶೀಟಿನ ಮೇಲೆ ಹದಿನಾಲ್ಕು ಚೌಕ ಬರೆದಿತ್ತು, ಶಾಲೆಯ ಒಂದೊಂದು ಸೆಕ್ಷನ್ನಿಗೆ ಒಂದೊಂದು. ಪಕ್ಕದಲ್ಲಿ ಒಂದು ಸಾಸರು. ಅದು ಸ್ಟಾಫ್ ರೂಮು. ಸಾಸರಿನ ತುಂಬ ಗುಂಡಿಗಳು. ಅವರು ಶಾಲೆಯ ಮೇಷ್ಟ್ರುಗಳು.

ಟೀಚರ ತಾಯಿ ಬಟ್ಟೆ ಹೊಲಿಯುತ್ತಿದ್ದವರು. ಅವರು ಬಿಟ್ಟುಹೋದ ಗುಂಡಿ ಡಬ್ಬಿಯಿಂದ ಟೀಚರು ಒಬ್ಬೊಬ್ಬರಿಗೂ ಸ್ವಭಾವ ನೋಡಿ ಒಂದೊಂದು ಗುಂಡಿ ಆರಿಸಿದ್ದರು. ಡ್ರಿಲ್ ಮೇಷ್ಟ್ರಿಗೆ ಹಿತ್ತಾಳೆಯದು, ಕೆಳಗೆ ಬಿದ್ದರೆ ಇಡೀ ಮನೆಗೆ ಕೇಳಬೇಕು. ವಿಜ್ಞಾನದ ಮಿಸ್ಸಿಗೆ ಮುತ್ತಿನಂಥದ್ದು. ಕೊನೆಯ ಪೀರಿಯಡ್ಡು ಕೊಟ್ಟರೆ ಕೈಯಿಂದ ಜಾರಿಬಿಡುತ್ತಾರೆ. ಚರಿತ್ರೆಯ ಮೇಷ್ಟ್ರು ಮರದ ಗುಂಡಿ. ಹೆಡ್ ಮಿಸ್ಸು ಕೋಟಿನ ದೊಡ್ಡ ಕಪ್ಪು ಗುಂಡಿ. ವಾರಕ್ಕೆ ನಾಲ್ಕೇ ಪಾಠ, ಆದರೂ ಸಾಸರಿನಲ್ಲಿ ಅರ್ಧ ಜಾಗ ಅವರದೇ.

ಒಂದು ಪೀರಿಯಡ್ಡಿಗೆ ಹದಿನಾಲ್ಕು ಗುಂಡಿಗಳು ಚೌಕಗಳಿಗೆ ಹೋಗುತ್ತವೆ, ಮಿಕ್ಕವು ಸಾಸರಿನಲ್ಲಿ ಕೂತು ಟೀ ಕುಡಿಯುತ್ತವೆ. ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮೇಲೆ ಎಲ್ಲವನ್ನೂ ಎತ್ತಿ ಮುಂದಿನ ಪೀರಿಯಡ್ಡು. ದಿನಕ್ಕೆ ಎಂಟು, ವಾರಕ್ಕೆ ನಲವತ್ತು. ಒಂದು ಗುಂಡಿ ಒಂದೇ ಹೊತ್ತಿಗೆ ಎರಡು ಚೌಕದಲ್ಲಿ ಕೂರಲಾರದು. ಹಾಗಾಗಿ ಒಬ್ಬರೇ ಮೇಷ್ಟ್ರನ್ನು ಎರಡು ಕ್ಲಾಸಿಗೆ ಒಟ್ಟಿಗೆ ಕಳಿಸುವ ಆ ಎಡವಟ್ಟು, ಶಾಲೆಯವರು ‘ಕ್ಲ್ಯಾಶ್’ ಅನ್ನುವುದು, ಟೀಚರ ವೇಳಾಪಟ್ಟಿಯಲ್ಲಿ ಒಂದು ಸಲವೂ ಬಂದಿರಲಿಲ್ಲ.

ಈ ವರ್ಷವಂತೂ ಬರಲೇಕೂಡದು. ಯಾಕೆಂದರೆ ಎಂಟು ತಿಂಗಳ ಹಿಂದೆ ಡಾಕ್ಟರು ಟೀಚರ ಮರೆವಿಗೆ ಒಂದು ಹೆಸರು ಹೇಳಿದ್ದರು. ಆಲ್ಝೈಮರ್ಸ್. ಐವತ್ತೊಂದನೆಯ ವಯಸ್ಸಿಗೆ.

“ಇದು ವಯಸ್ಸಾದೋರಿಗೆ ಬರೋದಲ್ವಾ ಡಾಕ್ಟ್ರೇ?” ಎಂದು ಜೊತೆಗೆ ಹೋಗಿದ್ದ ಅತ್ತೆ ಕೇಳಿದ್ದರು. ಅವರಿಗೆ ಎಪ್ಪತ್ತೆಂಟು.

“ಅಪರೂಪಕ್ಕೆ ಬೇಗನೂ ಬರತ್ತಮ್ಮ.”

“ನೋಡಿದ್ರಾ, ನಾನು ಸಾಲಲ್ಲಿ ನಿಂತಿದ್ರೆ ಇವಳು ನನ್ನ ದಾಟಿ ಮುಂದೆ ಹೋಗಿ ನಿಂತಿದ್ದಾಳೆ!” ಎಂದು ಅತ್ತೆ ಡಾಕ್ಟರಿಗೇ ದೂರು ಕೊಟ್ಟಿದ್ದರು. ಆಮೇಲೆ ಮನೆಗೆ ಬರುವ ದಾರಿಯುದ್ದಕ್ಕೂ ಸೊಸೆಯ ಕೈ ಬಿಟ್ಟಿರಲಿಲ್ಲ.

ಟೀಚರು ಅಂದಿನಿಂದ ತಮ್ಮನ್ನು ತಾವೇ ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದರು. ಗ್ಯಾಸ್ ಆರಿಸಿದೆನಾ, ಕೈಚೀಲ ತಂದೆನಾ, ಈಗ ಹೇಳಿದ್ದನ್ನು ಆಗಲೇ ಹೇಳಿದ್ದೆನಾ? ಆದರೂ ಒಂದು ದಿನ ತಪ್ಪಿ ಬೇರೆ ಮಹಡಿಯ ಕ್ಲಾಸಿಗೆ ಹೋಗಿ, ಆರನೆಯವರಿಗೆ ಹತ್ತನೆಯ ತರಗತಿಯ ತ್ರಿಕೋನ ಪಾಠವನ್ನು ಇಪ್ಪತ್ತು ನಿಮಿಷ ಮಾಡಿಬಿಟ್ಟಿದ್ದರು. ಮಕ್ಕಳು ಪಿಟಕ್ಕೆನ್ನದೆ ಕೇಳಿಸಿಕೊಂಡವು. ಒಬ್ಬಳು ಕೈ ಎತ್ತಿ ಅನುಮಾನವನ್ನೂ ಕೇಳಿದ್ದಳು. ಸುದ್ದಿ ಹೆಡ್ ಮಿಸ್ಸಿಗೆ ಹೋಯಿತು. ವರ್ಷದ ಕೊನೆಗೆ ಅವರು ಟೀಚರನ್ನು ಕರೆದು ಕೂರಿಸಿಕೊಂಡರು.

“ನೋಡಿ, ಪಾಠ ಇನ್ನು ಬೇಡ. ಆದ್ರೆ ವೇಳಾಪಟ್ಟಿ ನಿಮ್ಮ ಹಾಗೆ ಮಾಡೋರು ನನ್ನ ಹತ್ರ ಇಲ್ಲ. ರಜೆ ಮುಗಿಯೋದ್ರೊಳಗೆ ಒಂದೇ ಒಂದು ಕ್ಲ್ಯಾಶ್ ಇಲ್ದೆ ಮಾಡಿ ತಂದ್ರೆ ನಿಮ್ಮ ಕುರ್ಚಿ ಸ್ಟಾಫ್ ರೂಮಲ್ಲೇ ಇರತ್ತೆ. ಯಾರು ರಜಾ ಹಾಕಿದ್ರೆ ಯಾರು ಹೋಗ್ಬೇಕು, ಎಲ್ಲ ನೀವೇ ನೋಡ್ಕೊಳ್ಳಿ. ಆಗ್ಲಿಲ್ವಾ, ಮನೇಲಿ ಆರಾಮಾಗಿರಿ.”

ಆರಾಮ ಎಂಬ ಪದ ಕೇಳಿ ಟೀಚರಿಗೆ ಬೆವರು ಬಂದಿತ್ತು.

ಗುಂಡಿಗಳು ಮಾತ್ರ ಕೈಕೊಡಲಿಲ್ಲ. ಹೆಸರುಗಳು ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಗುತ್ತಿದ್ದವು. ಆದರೆ ಹಿತ್ತಾಳೆ ಗುಂಡಿ ಕೈಗೆ ಬಂದ ಕೂಡಲೇ, ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ಈ ಮನುಷ್ಯನಿಗೆ ಮೈದಾನ ಕೊಟ್ಟರೆ ಮರದ ನೆರಳಲ್ಲಿ ನಿದ್ದೆ ಹೊಡೆಯುತ್ತಾನೆ ಎಂಬುದು ತಾನಾಗಿ ನೆನಪಾಗುತ್ತಿತ್ತು.

“ಹೆಸರು ಕೇಳ್ಬೇಡ ಕಣೇ, ನಿಂತುಹೋಗ್ತೀನಿ,” ಎಂದು ಮಗಳಿಗೆ ಮೊದಲೇ ಹೇಳಿದ್ದರು. “ಗುಂಡಿ ಬರ್ಕೋ. ಹೆಸರು ಕೊನೇಗೆ ನೋಡೋಣ.”

ಕಾಲೇಜಿಗೆ ಹೋಗುವ ಮಗಳು ಹಾಗೆಯೇ ಬರೆದಳು: ಹಿತ್ತಾಳೆ ಏಳನೇ ಎ, ಮುತ್ತು ಒಂಬತ್ತನೇ ಬಿ. ಟೀಚರ ಯಜಮಾನರು ಸಾಸರಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಕೇಳಿದ ಗುಂಡಿ ಎತ್ತಿಕೊಡುತ್ತಿದ್ದರು. ಅವರ ಕಸುಬು ಹಲ್ಲಿನ ಸೆಟ್ ಮಾಡುವುದು. ಡಾಕ್ಟರುಗಳು ಕಳಿಸುವ ಅಚ್ಚು ನೋಡಿ, ಊರಿನವರ ಬೊಚ್ಚುಬಾಯಿಗಳಿಗೆ ಹಲ್ಲು ಕೂರಿಸಿಕೊಡುವ ಕೈ ಅದು. ಸಣ್ಣ ಗುಂಡಿ ಹಿಡಿಯಲು ಹೇಳಿ ಮಾಡಿಸಿದ ಹಾಗಿತ್ತು. ಸೋಫಾದ ಮೇಲೆ ಕೂತ ಅತ್ತೆಯದು ಮೇಲ್ವಿಚಾರಣೆ.

“ಪಾಪ, ಆ ಹಸಿರು ಗುಂಡಿಗೆ ಬೆಳಗ್ಗೆಯಿಂದ ಬಿಡುವೇ ಕೊಟ್ಟಿಲ್ಲ ನೀನು. ಅವಳೂ ಹೆಂಗಸಲ್ವಾ?”

“ಅವರು ಗಂಡಸು ಅತ್ತೆ.”

“ಹಾಗಿದ್ರೆ ಇನ್ನೆರಡು ಕೊಡು.”

ಪಟ್ಟಿಯ ಒಂದೊಂದು ವಾರಕ್ಕೆ ಒಂದೊಂದು ಮಧ್ಯಾಹ್ನದಂತೆ ಐದು ಮಧ್ಯಾಹ್ನ ಕೂತರು. ಸೋಮವಾರ ಮುಗಿಯಿತು, ಮಂಗಳವಾರ, ಬುಧವಾರ. ಗುರುವಾರದ ಚೌಕಗಳು ಸ್ವಲ್ಪ ಕಾಡಿಸಿದವು, ಶುಕ್ರವಾರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಮಾರನೆಯ ದಿನ ಹೆಡ್ ಮಿಸ್ಸಿಗೆ ಒಪ್ಪಿಸಬೇಕು. ಮಗಳು ಹೆಡ್ ಮಿಸ್ಸು ಕೊಟ್ಟ ಹೆಸರಿನ ಪಟ್ಟಿ ಹಿಡಿದು, ಒಂದೊಂದೇ ಗುಂಡಿಯ ಮುಂದೆ ಹೆಸರು ಹಚ್ಚುತ್ತ ಬಂದಳು. ಟೀಚರು ಸ್ವಭಾವ ಹೇಳುವುದು, ಮಗಳು ಹೆಸರು ಹುಡುಕುವುದು. ಪಟ್ಟಿಯ ಇಪ್ಪತ್ತಮೂರು ಹೆಸರೂ ಮುಗಿದವು.

ಸಾಸರಿನಲ್ಲಿ ಇನ್ನೊಂದು ಗುಂಡಿ ಇತ್ತು.

“ಅಮ್ಮಾ, ಇದು ಯಾರು?”

ಬಿಳಿಯದು, ನಾಲ್ಕು ತೂತಿನದು. ಟೀಚರು ಅದನ್ನು ಅಂಗೈಯಲ್ಲಿಟ್ಟು ನೋಡಿದರು. ನನ್ನನ್ನೇ ಹಾಕಿಬಿಟ್ಟೆನಾ? ಇಲ್ಲ, ತಮ್ಮದು ನೀಲಿ ಗಾಜಿನ ಗುಂಡಿ. ಈ ವರ್ಷ ಅದನ್ನು ತಾವೇ ತೆಗೆದು ಡಬ್ಬಿಯ ಮುಚ್ಚಳದಲ್ಲಿ ಇಟ್ಟಿದ್ದರು, ಅಲ್ಲೇ ಇತ್ತು.

“ಗುರುವಾರ ಊಟ ಆದ್ಮೇಲೆ ನಾಲ್ಕೂ ಪೀರಿಯಡ್ ಇವರಿಗೇ ಕೊಟ್ಟಿದೀಯ,” ಮಗಳು ನೋಟ್‌ಬುಕ್ ತಿರುವಿದಳು. “ಎಲ್ಲಾನೂ ಕೈಗೆಲಸದ ಪೀರಿಯಡ್ಡು. ಕೊನೇದು ಎಂಟನೇ ಬಿ. ಶುಕ್ರವಾರ ಪೂರ್ತಿ ಸ್ಟಾಫ್ ರೂಮಲ್ಲಿ ಸುಮ್ನೆ ಕೂತಿದ್ದಾರೆ. ನಾನು ಯಾರೋ ಹೊಸ ಮೇಷ್ಟ್ರು ಅಂದ್ಕೊಂಡೆ.”

ಕೈಗೆಲಸದ ಮೇಷ್ಟ್ರು ಹೋದ ವರ್ಷವೇ ಕೆಲಸ ಬಿಟ್ಟಿದ್ದರು. ಆ ಜಾಗ ಖಾಲಿ, ಯಾರು ಸಿಗುತ್ತಾರೋ ಅವರನ್ನು ತುಂಬಿ ಎಂದಿದ್ದರು ಹೆಡ್ ಮಿಸ್ಸು. ತುಂಬಿದ್ದು ಯಾರನ್ನು?

“ಹೆಸರು ಬರ್ತಿಲ್ಲ,” ಎಂದರು ಟೀಚರು. ದನಿ ಸಣ್ಣದಾಗಿತ್ತು. “ಆದ್ರೆ ಮನುಷ್ಯ ಗೊತ್ತು. ಜಾಸ್ತಿ ಮಾತಾಡಲ್ಲ. ಎಷ್ಟು ಗಲಾಟೆ ಮಾಡಿದ್ರೂ ಕೋಪ ಬರಲ್ಲ, ಅದಕ್ಕೇ ಎಂಟನೇ ಬಿ ಕೊಟ್ಟೆ. ಕೆಲಸ ಹೇಳಿದ್ರೆ ಇಲ್ಲ ಅನ್ನಲ್ಲ. ಕೈ ತುಂಬಾ ಚೊಕ್ಕ.”

ಮಗಳು ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದಳು. ಅಷ್ಟರಲ್ಲಿ ಸೋಫಾದ ಮೇಲಿನಿಂದ ಅತ್ತೆ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು. ಗುಂಡಿಯನ್ನು ನೋಡಿದರು. ಆಮೇಲೆ ಮಗನ ಹೊಟ್ಟೆಯನ್ನು ನೋಡಿದರು.

“ಲೋ, ನಿನ್ನ ಶರ್ಟಿನ ನಾಲ್ಕನೇ ಗುಂಡಿ ಎಲ್ಲೋ?”

ಯಜಮಾನರು ಕತ್ತು ಬಗ್ಗಿಸಿ ನೋಡಿಕೊಂಡರು. ಶರ್ಟು ಅಲ್ಲಿ ಬಾಯಿ ಬಿಟ್ಟುಕೊಂಡು, ಒಳಗಿನ ಬನಿಯನ್ ಇಣುಕುತ್ತಿತ್ತು. ಗುರುವಾರದ ಚೌಕ ತುಂಬಿದ ಮಧ್ಯಾಹ್ನವೂ ಇದೇ ಶರ್ಟು; ಬಾಗಿದಾಗ ಗುಂಡಿ ಕಳಚಿ ಸಾಸರಿಗೆ ಉದುರಿರಬೇಕು.

ಮೊದಲು ಮಗಳು ನಕ್ಕಳು. ನೋಟ್‌ಬುಕ್ಕಿನಲ್ಲಿ ಮುಖ ಮುಚ್ಚಿಕೊಂಡು, ಮಾತು ಹೊರಡದೆ ನೆಲ ಬಡಿದಳು. “ಅಪ್ಪ... ಅಪ್ಪಂಗೆ ಕೆಲಸ ಸಿಕ್ತು!” ಅತ್ತೆ ಹೊಟ್ಟೆ ಹಿಡಿದುಕೊಂಡರು. “ಹಲ್ಲು ಮಾಡ್ತಿದ್ದೋನು ಅಂತೂ ಮೇಷ್ಟ್ರಾದ!” ಯಜಮಾನರು ಬಾಯಿಬಿಟ್ಟ ಶರ್ಟನ್ನು ಎರಡು ಬೆರಳಲ್ಲಿ ಮುಚ್ಚಿಕೊಂಡು, “ಶುಕ್ರವಾರ ಪೂರ್ತಿ ರಜಾನಾ ನಂಗೆ?” ಎಂದರು. ಕೊನೆಗೆ ಟೀಚರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಕ್ಕು ಮುಗಿದ ಮೇಲೆ ಭಯ ಬಂತು. ಇಲ್ಲದ ಮೇಷ್ಟ್ರು ನಾಲ್ಕು ಪೀರಿಯಡ್ಡಿನಲ್ಲಿ ಕೂತಿದ್ದಾರೆ ಎಂದರೆ ನಾಲ್ಕು ಕ್ಲಾಸಿಗೆ ಯಾರೂ ಇಲ್ಲ. ಬಿಳಿ ಗುಂಡಿ ತೆಗೆದು ಬೇರೆಯವರನ್ನು ಕೂರಿಸಲು ನೋಡಿದರು. ಎಂಟನೇ ಬಿಗೆ ಮುತ್ತನ್ನು ತಂದರೆ ಅವರ ಪಾಠಗಳು ಆ ದಿನಕ್ಕೆ ಒಂದರ ಹಿಂದೆ ಒಂದು ಆರಾಗುತ್ತವೆ. ಮರದ ಗುಂಡಿಯನ್ನು ತಂದರೆ ಬುಧವಾರ ಕದಲುತ್ತದೆ. ಸಂಜೆ ಐದರ ಹೊತ್ತಿಗೆ ಬೆಡ್‌ಶೀಟು ಸಂತೆ ಮುಗಿದ ಬಯಲಿನಂತಾಗಿತ್ತು.

“ಸಾಕು, ಮುಟ್ಬೇಡಿ ಯಾರೂ,” ಎಂದರು ಟೀಚರು. “ಮೊದ್ಲಿದ್ದ ಹಾಗೇ ಇಡಿ.”

“ಮತ್ತೆ ಅಪ್ಪನ್ನ ಏನ್ ಮಾಡೋಣ?”

ಟೀಚರು ಬಿಳಿ ಗುಂಡಿಯನ್ನು ಎಂಟನೇ ಬಿ ಚೌಕದಲ್ಲಿ ವಾಪಸು ಇಟ್ಟರು. “ಎಲ್ಲರನ್ನೂ ಇಟ್ಟ ಹಾಗೇ ಇವರನ್ನೂ ಗುಣ ನೋಡಿನೇ ಇಟ್ಟಿದೀನಿ. ಬೇರೆ ಯಾರು ಬಂದ್ರೂ ಪಟ್ಟಿ ಕೆಡತ್ತೆ. ಇವರೇ ಹೋಗ್ಲಿ.”

“ನನ್ನ ಒಂದು ಮಾತು ಕೇಳ್ಬೇಕಿತ್ತು ನೀನು,” ಎಂದರು ಯಜಮಾನರು.

“ಕೇಳಿದ್ರೆ ಬೇಡ ಅಂತಿದ್ರಾ?”

ಅವರು ಬಿಳಿ ಗುಂಡಿಯನ್ನು ಚೌಕದ ನಡುವಿಗೆ ಸರಿಸಿದರು. “ಇಲ್ಲ.”

“ಅದಕ್ಕೇ ಕೇಳ್ಲಿಲ್ಲ.”

ಮಾರನೆಯ ದಿನ ಹೆಡ್ ಮಿಸ್ಸು ಸ್ಕೇಲು ಹಿಡಿದು, ವೇಳಾಪಟ್ಟಿಯ ಮೇಲೆ ಒಂದೊಂದೇ ಸಾಲು ಇಳಿಯುತ್ತ ಮುಕ್ಕಾಲು ಗಂಟೆ ನೋಡಿದರು. ಟೀಚರು ಎದುರಿನ ಕುರ್ಚಿಯ ತುದಿಯಲ್ಲಿ ಕೂತು ಸ್ಕೇಲನ್ನೇ ನೋಡುತ್ತಿದ್ದರು. ಬುಧವಾರ ದಾಟಿತು. ಗುರುವಾರದ ಮೇಲೆ ಸ್ಕೇಲು ನಿಂತಿತು.

“ಕ್ಲ್ಯಾಶ್ ಏನೂ ಇಲ್ಲ. ಆದ್ರೆ ಈ ‘ಬಿ. ಗುಂ.’ ಅಂದ್ರೆ ಯಾರ್ರೀ?”

“ಬಿಳಿ ಗುಂಡಿ,” ಎಂದರು ಟೀಚರು. ಮುಚ್ಚಿಡುವ ಯೋಚನೆ ಬಂದಿತ್ತು; ಆದರೆ ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳುವುದು ಈಗ ತಮ್ಮ ಕೈಲಾಗದ ಕೆಲಸವೆಂದು ಬಿಟ್ಟರು. ಬೆಡ್‌ಶೀಟು, ಸಾಸರು, ಶರ್ಟು, ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಹೇಳಿದರು.

ಹೆಡ್ ಮಿಸ್ಸಿನ ಮುಖ ಕದಲಲಿಲ್ಲ. “ನಾನ್ಯಾವ ಗುಂಡಿ?”

“ಕೋಟಿಂದು. ಕಪ್ಪು.”

“ದೊಡ್ಡದಾ?”

“ಎಲ್ಲಾದಕ್ಕಿಂತ.”

“ಹೂಂ.” ಹೆಡ್ ಮಿಸ್ಸು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತರು. “ಎಲ್ಲಿ ಆ ಬಿಳಿ ಗುಂಡಿ? ಕರೀರಿ.”

ಯಜಮಾನರು ಹೊರಗಿನ ಬೆಂಚಿನ ಮೇಲೇ ಇದ್ದರು. ಅದೇ ಶರ್ಟು, ನಡುವೆ ಸೇಫ್ಟಿ ಪಿನ್ನು. ಕೈಯಲ್ಲೊಂದು ಕಾಗದದ ಪೊಟ್ಟಣ. ಮೇಜಿನ ಮೇಲೆ ಬಿಚ್ಚಿದರೆ ಒಳಗೆ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಒಂದು ಇಡೀ ದವಡೆ.

“ಇದನ್ನ ಕಲಿಸ್ತೀರಾ?”

“ಇದಲ್ಲ ಮೇಡಂ. ಮೊದ್ಲು ಅವರವರ ಹೆಬ್ಬೆರಳಿನ ಅಚ್ಚು. ಆಮೇಲೆ ಎಲೆ, ಕಪ್ಪೆಚಿಪ್ಪು. ಹಲ್ಲು ವರ್ಷದ ಕೊನೇಲಿ.”

“ಎಂಟನೇ ಬಿ ನೋಡಿದೀರಾ ನೀವು?”

“ಇಲ್ಲ.”

“ಅದಕ್ಕೇ ಬಂದಿದೀರಿ.”

“ಕಚ್ತಾರಾ?”

“ಇನ್ನೂ ಕಚ್ಚಿಲ್ಲ.”

“ಕಚ್ಚಿದ್ರೂ ಪರ್ವಾಗಿಲ್ಲ ಮೇಡಂ, ಅಚ್ಚು ಸಿಗತ್ತೆ.”

ಹೆಡ್ ಮಿಸ್ಸು ಕೆಮ್ಮಿದರು. ಅದು ನಗುವೇ ಎಂದು ಟೀಚರಿಗೆ ಗೊತ್ತಾಯಿತು. ಸ್ಕೇಲನ್ನು ಡ್ರಾಯರಿಗೆ ಹಾಕಿ, ವೇಳಾಪಟ್ಟಿಯ ಕೆಳಗೆ ಸಹಿ ಮಾಡಿದರು.

“ಗುರುವಾರ ಇವರು ನಿಮ್ಮ ಜೊತೆ ಬರ್ಲಿ. ಮಿಕ್ಕ ದಿನ ಕೊನೇ ಪೀರಿಯಡ್ಡಲ್ಲಿ ಸಾಸರಲ್ಲಿ ಕೂತಿರ್ತಾರಲ್ಲ, ಅವರಲ್ಲೊಬ್ರು ನಿಮ್ಮನ್ನ ಬಸ್ ಹತ್ತಿಸ್ತಾರೆ. ಯಾರು ಯಾವತ್ತು ಖಾಲಿ ಅಂತ ನಾನು ಹೇಳ್ಬೇಕಾ? ನೀವೇ ಪಟ್ಟಿ ಮಾಡಿ.” ಮತ್ತೆ, ಕನ್ನಡಕದ ಮೇಲಿನಿಂದ ನೋಡುತ್ತ, “ಸ್ಟಾಫ್ ರೂಮಲ್ಲಿ ನಿಮ್ಮ ಕುರ್ಚಿ ಕಾಲು ಒಂದು ಅಲ್ಲಾಡತ್ತೆ. ರಿಪೇರಿ ಮಾಡಿಸ್ತೀನಿ. ಬಹಳ ವರ್ಷ ಕೂರೋ ಹಾಗಿದ್ರೆ ಮಾತ್ರ.”

“ಕೂರ್ತೀನಿ ಮೇಡಂ,” ಎಂದರು ಟೀಚರು. “ಎಲ್ಲಿವರೆಗೆ ಆಗತ್ತೋ ಅಲ್ಲಿವರೆಗೆ.”

ಮನೆಯಲ್ಲಿ ಅತ್ತೆ ಸೂಜಿ ದಾರ ಹಿಡಿದು ಕೂತಿದ್ದರು. ಬಿಳಿ ಗುಂಡಿಯನ್ನು ಕೇಳಿದರೆ ಟೀಚರು ಕೊಡಲೊಪ್ಪಲಿಲ್ಲ. ಅದೀಗ ಸ್ಟಾಫು, ಸಾಸರಿನಲ್ಲೇ ಇರಬೇಕು. ಡಬ್ಬಿಯ ಮುಚ್ಚಳದಿಂದ ನೀಲಿ ಗಾಜಿನ ಗುಂಡಿಯನ್ನು ತೆಗೆದು ಅತ್ತೆಯ ಅಂಗೈಗೆ ಹಾಕಿದರು.

“ಬಿಳಿ ಶರ್ಟಿಗೆ ನೀಲಿ ಗುಂಡಿ!” ಅತ್ತೆ ಮೂಗು ಮುರಿದರು. “ನೋಡಿದೋರು ಏನಂತಾರೆ?” ಎನ್ನುತ್ತಲೇ ದಾರ ಪೋಣಿಸಿ, ಬಿಚ್ಚದಂತೆ ಆರು ಸುತ್ತು ಹಾಕಿ ಹೊಲಿದರು.

ಶಾಲೆ ತೆರೆದ ಮೊದಲ ಗುರುವಾರ, ಎಂಟನೇ ಪೀರಿಯಡ್ಡು ಮುಗಿದ ಗಂಟೆ ಹೊಡೆದಾಗ ಟೀಚರು ಕೈಚೀಲ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಎಂಟನೇ ಬಿಯ ಮಕ್ಕಳು ಮೂಗು, ಕಿವಿ, ಯೂನಿಫಾರಮ್ಮು ಎಲ್ಲಾ ಬೆಳ್ಳಗೆ ಮಾಡಿಕೊಂಡು ಹೊರಗೆ ಬಂದವು. ಒಂದೊಂದರ ಕೈಯಲ್ಲೂ ಒಂದೊಂದು ಹೆಬ್ಬೆರಳು. ಪ್ಲಾಸ್ಟರಿನ ದವಡೆಯನ್ನು ಒಬ್ಬಳು ಇನ್ನೊಬ್ಬಳ ಭುಜಕ್ಕೆ ಕಚ್ಚಿಸುತ್ತಿದ್ದಳು. “ಹಲ್ಲು ಮೇಷ್ಟ್ರೇ, ಮುಂದಿನ ವಾರ ಏನು?” ಎಂದು ಯಾರೋ ಕೂಗಿದರು.

ಅವುಗಳ ಹಿಂದೆ, ಹುಬ್ಬಿನವರೆಗೂ ಬೆಳ್ಳಗಾದ ಒಬ್ಬ ಮುದುಕ ನಡೆದು ಬರುತ್ತಿದ್ದ. ಟೀಚರಿಗೆ ಅವನು ಯಾರೆಂದು ತಿಳಿಯಲಿಲ್ಲ. ಕೈಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಮುದುಕ ಹತ್ತಿರ ಬಂದ. ಶರ್ಟಿನ ನಾಲ್ಕನೆಯ ಗುಂಡಿ ನೀಲಿ.

“ಕೋಪ ಬಂತಾ?” ಎಂದು ಕೇಳಿದರು ಟೀಚರು.

“ಯಾರ ಮೇಲೆ?”

“ಎಂಟನೇ ಬಿ ಮೇಲೆ.”

“ಇಲ್ವಲ್ಲ,” ಎಂದರು ಯಜಮಾನರು, ಹುಬ್ಬಿನ ಪುಡಿ ಒರೆಸಿಕೊಳ್ಳುತ್ತ. “ಯಾಕೆ?”

“ನಾನು ಹೇಳಿರ್ಲಿಲ್ವಾ!” ಎಂದು ಟೀಚರು ಗೆದ್ದವರ ಹಾಗೆ ಎರಡು ಹೆಜ್ಜೆ ಮುಂದೆಯೇ ಗೇಟಿನ ಕಡೆಗೆ ನಡೆದರು.