ಪೆನ್ಸಿಲ್ ಕಚ್ಚಿದ ನಗು

ಸಂತೋಷದ ವಿಜ್ಞಾನ ಕಲಿಸುವ ಟೀಚರಿಗೆ ಆ ಬೆಳಿಗ್ಗೆ ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಅವಳ ತಾಯಿ ಚೇಷ್ಟೆ ಮಾಡಿದರು. ಚೇಷ್ಟೆಯೂ ಇಳಿಯಲಿಲ್ಲ. ಪಾಠ ನೋಡಲು ಮೇಲಧಿಕಾರಿ ಬರುವವರಿದ್ದರು. ಅವರು ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

ಪಾಠವೇನೋ ಸುಲಭದ್ದೇ. ಪೆನ್ಸಿಲನ್ನು ಅಡ್ಡಡ್ಡ ಹಲ್ಲಲ್ಲಿ ಕಚ್ಚಿ ಹಿಡಿದರೆ ಕೆನ್ನೆ ತಾನಾಗಿ ಮೇಲೇಳುತ್ತದೆ. ಮುಖ ನಕ್ಕರೆ ಮನಸ್ಸೂ ಹಿಂದೆಯೇ ಬರುತ್ತದೆ ಎಂದು ಕೆಲವರ ವಾದ. ‘ವಾದ’ ಎಂಬುದನ್ನು ನುಂಗಿಕೊಂಡು, "ಬೇಜಾರಾದ್ರೆ, ನೋವಾದ್ರೆ ಹೀಗೆ ಮಾಡಿ, ಮಾಯ ಆಗುತ್ತೆ" ಎಂದು ಅವಳು ಹೇಳಿಕೊಟ್ಟಿದ್ದಳು. ಮಕ್ಕಳು ಗಟ್ಟಿಯಾಗಿಯೇ ಕಲಿತವು. ಮಂಡಿ ತರಚಿಕೊಂಡ ಹುಡುಗನೊಬ್ಬ ಮೈದಾನದಿಂದ ಪೆನ್ಸಿಲ್ ಕಚ್ಚಿಕೊಂಡೇ ಬಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಇವಳೂ ನಕ್ಕಿದ್ದಳು, ಬುದ್ಧಿಗೇಡಿ.

ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಹೆಡ್‌ಮಾಸ್ತರರು ಕತ್ತು ಒರೆಸಿಕೊಳ್ಳುತ್ತ ನಿಂತರು. ಪಾಠ ಸಲೀಸಾಗಿ ಸಾಗಿತು. ಆದರೆ ಮುಂದಿನ ಸಾಲಿನ ಗುಬ್ಬಿ (ಇಡೀ ತರಗತಿಗೇ ಚಿಕ್ಕವಳೆಂದು ಆ ಹೆಸರು) ಪೆನ್ಸಿಲ್ ತೆಗೆಯಿರಿ ಎಂದರೂ ತೆಗೆಯಲಿಲ್ಲ. ಹಣೆಯ ಮೇಲೆ ಬೆವರು, ಮುಖದ ತುಂಬ ನಗು, ಒಂದು ಕೈ ಹೊಟ್ಟೆಯ ಮೇಲೆ.

"ಈ ಮಗು ನೋಡಿ, ಎಷ್ಟು ಖುಷಿಯಾಗಿದೆ," ಎಂದರು ಅಧಿಕಾರಿ.

ಅದು ಖುಷಿಯಲ್ಲವೆಂದು ಟೀಚರಿಗೆ ಹೊಳೆಯಿತು. ಈಗ ನಿಲ್ಲಿಸಿ ವಿಚಾರಿಸಿದರೆ ಪಾಠ ಕೆಟ್ಟಂತೆ. ಇನ್ನೇನು ಗಂಟೆ ಹೊಡೆಯುತ್ತದೆ, ಆಮೇಲೆ ಕೇಳಿದರಾಯಿತು ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋದಳು. ಅಷ್ಟರಲ್ಲಿ ಪೆನ್ಸಿಲ್ ಲಟಕ್ಕನೆ ಮುರಿಯಿತು. ಗುಬ್ಬಿ ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದಳು.

ಆಸ್ಪತ್ರೆಗೆ ಹೆಡ್‌ಮಾಸ್ತರರ ಕಾರಿನಲ್ಲಿ ಹೊರಟರು; ಅಧಿಕಾರಿಯೂ ಜೊತೆಗೆ ಹತ್ತಿದರು. ದಾರಿಯುದ್ದಕ್ಕೂ ಮಗು ಟೀಚರ ತೊಡೆಯ ಮೇಲೆ ಮುದುಡಿ ಮಲಗಿತ್ತು. ಕೆಲಸದಲ್ಲಿದ್ದ ಅದರ ಅಪ್ಪ ಅಮ್ಮ ಇಬ್ಬರೂ ಫೋನ್ ಎತ್ತಲಿಲ್ಲ.

ಡಾಕ್ಟರು ಹೊಟ್ಟೆ ಒತ್ತಿದರು. "ಇಲ್ಲಿ ನೋಯುತ್ತಾ ಪುಟ್ಟಿ?"

ಗುಬ್ಬಿ ಹಲ್ಲು ತೋರಿಸಿ, ಇಲ್ಲವೆಂದು ತಲೆಯಾಡಿಸಿದಳು.

"ಇಲ್ಲಿ?"

ಅದೇ ನಗು.

"ನಗ್ತಿದಾಳಲ್ಲ ಮೇಡಂ. ಏನೋ ಅಜೀರ್ಣ ಇರಬೇಕು. ಮಾತ್ರೆ ಬರೀತೀನಿ, ಮನೆಗೆ ಕರ್ಕೊಂಡು ಹೋಗಿ." ಹೊರಗೆ ರೋಗಿಗಳ ಸಾಲು ಬೆಳೆಯುತ್ತಿತ್ತು.

"ಅದು ನಗು ಅಲ್ಲ ಡಾಕ್ಟ್ರೇ. ನಾನು ಹೇಳಿಕೊಟ್ಟಿದ್ದು."

ಡಾಕ್ಟರು ಇವಳಿಗೇ ಏನಾದರೂ ಆಗಿದೆಯೋ ಎನ್ನುವಂತೆ ನೋಡಿದರು. ಟೀಚರು ಮಗುವಿನ ಕಡೆ ಬಾಗಿ, "ಗುಬ್ಬೀ, ನೋವಿದ್ರೆ ಅಳಬಹುದು ಕಣೇ," ಎಂದಳು.

ಗುಬ್ಬಿ ಅವಳ ಕಿವಿಗೆ ಬಾಯಿಟ್ಟಳು. "ಆ ಸರ್ ಬಾಗಿಲಲ್ಲೇ ಇದಾರೆ ಮಿಸ್. ನಾವು ಮುಖ ಸಪ್ಪಗೆ ಮಾಡಿದ್ರೆ ನಿಮ್ಮನ್ನ ಕಳಿಸಿಬಿಡ್ತಾರಂತೆ. ಹೆಡ್‌ಮಾಸ್ಟ್ರು ಹೇಳಿದ್ರು."

ತಿರುಗಿದರೆ ಅಧಿಕಾರಿ ನಿಜವಾಗಿಯೂ ಅಲ್ಲೇ ನಿಂತಿದ್ದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಟೀಚರು, ಉಣ್ಣುತ್ತಿದ್ದದ್ದು ಮಗು. ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

"ಕಳಿಸಿದ್ರೆ ಕಳಿಸಲಿ," ಎಂದಳು, ಬಾಗಿಲಿನವರೆಗೂ ಕೇಳುವಂತೆ. "ನಾನು ನಿಮಗೆ ಸುಳ್ಳು ಹೇಳಿಕೊಟ್ಟೆ. ನಕ್ಕರೆ ನೋವು ಹೋಗಲ್ಲ ಗುಬ್ಬಿ. ನನಗೂ ಬೆಳಿಗ್ಗೆಯಿಂದ ಭಯ ಆಗ್ತಿದೆ, ಎಷ್ಟು ನಕ್ಕರೂ ಹೋಗಿಲ್ಲ." ಹೇಳುತ್ತ ಹೇಳುತ್ತ ಅವಳಿಗೇ ಅಳು ಬಂತು. ಅದನ್ನು ತಡೆಯಲು ಹೋಗಲಿಲ್ಲ.

ಗುಬ್ಬಿ ಟೀಚರ ಒದ್ದೆ ಮುಖವನ್ನು ನೋಡುತ್ತಲೇ ಇದ್ದಳು. ಡಾಕ್ಟರು ಮತ್ತೊಮ್ಮೆ, ಹೊಟ್ಟೆಯ ಬಲಗಡೆ, ಕೆಳಗೆ ಬೆರಳಿಟ್ಟರು.

ಆ ಚೀರಾಟಕ್ಕೆ ಪಕ್ಕದ ಕೋಣೆಯ ನರ್ಸ್ ಓಡಿ ಬಂದಳು. ಡಾಕ್ಟರು ಬರೆಯುತ್ತಿದ್ದ ಚೀಟಿಯನ್ನು ಸರಿಸಿ, "ಅಪೆಂಡಿಕ್ಸ್ ಇದು. ಆಪರೇಷನ್‌ಗೆ ರೆಡಿ ಮಾಡಿ, ತಡ ಮಾಡಬೇಡಿ," ಎಂದರು. ಅಧಿಕಾರಿ ಹತ್ತಿರ ಬಂದು ಏನೋ ಕೇಳಿದರು. ಟೀಚರಿಗೆ ಅದು ಕಿವಿಗೆ ಬೀಳಲಿಲ್ಲ. ಅವಳು ಸ್ಟ್ರೆಚರಿನ ಪಕ್ಕದಲ್ಲಿ ಓಡುತ್ತ, ಆ ಪುಟ್ಟ ಕೈಯನ್ನು ಬಿಡದೆ, "ಹಾಗೇ ಕಂದಾ, ಇನ್ನೂ ಜೋರಾಗಿ ಅಳು," ಎನ್ನುತ್ತಿದ್ದಳು.